ತೋಡಿಯ ಹೊತ್ತು

ಬಿಸಿಲಿಗೆ ಕಾದ ಅರಗಿನ ವಾಸನೆ. ಮಳೆಗಾಲ ಮುಗಿದು ಗೋಡೆಗಳು ಒಣಗತೊಡಗಿದ ದಿನಗಳಲ್ಲಿ ಸುರಪುರದ ಉಸ್ತಾದರು ತಮ್ಮ ಮೂರು ತಂಬೂರಿಗಳನ್ನೂ ಅಂಗಳದ ಚಾಪೆಯ ಮೇಲೆ ಮಲಗಿಸಿ ಸ್ವಲ್ಪ ಹೊತ್ತು ಬಿಸಿಲು ಕಾಯಿಸುತ್ತಿದ್ದರು. ಬುರುಡೆಯ ಮೇಲಿನ ಅರಗು ಬೆಚ್ಚಗಾಗಿ, ಅದರ ವಾಸನೆ ಒಳಗಿನ ಮುಗ್ಗಲು ವಾಸನೆಯ ಜೊತೆ ಸೇರಿ, ಕೋಳಿಗಳನ್ನು ಓಡಿಸಲು ಕೋಲು ಹಿಡಿದು ಕೂತ ಹತ್ತು ವರ್ಷದ ಗೊಲ್ಲಾಳಮ್ಮನ ಮೂಗಿಗೆ ಬರುತ್ತಿತ್ತು. ಆಮೇಲೆ ಎಷ್ಟೋ ವರ್ಷ, ಮದ್ರಾಸಿನ ಸ್ಟುಡಿಯೋಗಳಲ್ಲಿ ಸೆಟ್ಟಿನ ಕಂಬಗಳಿಗೆ ಹೊಸದಾಗಿ ವಾರ್ನಿಶ್ ಬಳಿದಾಗ ಅದೇ ವಾಸನೆ ಬಂತೆಂದು ಆಕೆ ತಟಕ್ಕನೆ ತಿರುಗಿ ನೋಡುತ್ತಿದ್ದಳು. ಅದಲ್ಲ, ಅದರ ದೂರದ ಸಂಬಂಧಿ ಯಾವುದೋ. ಈಗ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಶಹಾಪುರದಿಂದ ಸುರಪುರಕ್ಕೆ ಹೊರಟ ಬೆಳಗಿನ ಬಸ್ಸಿನಲ್ಲಿ, ಡೀಸೆಲ್ಲು ಮತ್ತು ಯಾರದೋ ಚೀಲದ ಹಸಿಮೆಣಸಿನಕಾಯಿಯ ಘಾಟಿನ ನಡುವೆ ಅದು ಕಾರಣವಿಲ್ಲದೆ ನೆನಪಾಗಿ, ಒಳ್ಳೆಯ ಶಕುನವೋ ಕೆಟ್ಟದ್ದೋ ತಿಳಿಯದೆ, ಆಕೆ ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಅತ್ತಿ, ಒಂದು ಬಾಳಿಹಣ್ಣರ ತಿನ್ರಿ,” ಎಂದಳು ಪಕ್ಕದಲ್ಲಿ ಕೂತ ಸುನಿತಾ. ತಮ್ಮನ ಮಗಳು, ಶಾಲೆಯ ಮಾಸ್ತರಿಣಿ. ಗೊಲ್ಲಾಳಮ್ಮ ಈಗಿರುವುದು ಆಕೆಯ ಮನೆಯಲ್ಲೇ.

“ಹಾಡೂತನ ಏನೂ ಬ್ಯಾಡ.”

“ಹತ್ತಕ್ಕ ನಿಮ್ಮ ಹಾಡು ಅಂದಾರ, ಖರೆ. ಅವರ ಹತ್ತು ಎಷ್ಟಕ್ಕ ಆಗ್ತದೋ ಯಾರಿಗೆ ಗೊತ್ತು.”

“ಹತ್ತು ಅಂದ್ರ ಹತ್ತ. ಸಮಿತಿ ವಿಶ್ವರಾಧ್ಯಗ ಮೂರು ಸಲ ಫೋನ್ ಹಚ್ಚಿ ಹೇಳೀನಿ. ಇದು ತೋಡಿ, ಮುಂಜಾನಿ ರಾಗ, ಹನ್ನೆರಡು ದಾಟಿದ ಮ್ಯಾಲ ಹಾಡೂದಲ್ಲ ಅಂತ.”

“ನೀವು ಹೇಳಿದ್ದು ಅವರಿಗೆ ತಿಳಿದಿದ್ರ ಛಲೋ,” ಎಂದು ಸುನಿತಾ ಬಾಳೆಹಣ್ಣನ್ನು ಚೀಲದೊಳಗೆ ಹಾಕಿಕೊಂಡಳು.

ಕಂಡಕ್ಟರು ಟಿಕೆಟು ಕೊಡುತ್ತಾ ಮುಖ ನೋಡಿ ನಿಂತ. ಸಿನಿಮಾ ಪರದೆಯ ಮೇಲೆ ಗೊಲ್ಲಾಳಮ್ಮನ ಹೆಸರು ಬಸವೇಶ್ವರಿ. ಇಪ್ಪತ್ತೆರಡು ವರ್ಷ ನೂರಾರು ಸೊಸೆಯಂದಿರನ್ನು ಅಳಿಸಿದ ಅತ್ತೆ. “ಅಮ್ಮಾರ, ನಮ್ಮವ್ವ ನಿಮ್ಮನ್ನ ಎಷ್ಟು ಬೈತಿದ್ಲು ಗೊತ್ತೇನ್ರಿ? ಟೀವ್ಯಾಗ ನೀವು ಬಂದ್ರ ಕೈಯಾಗಿನ ಹಿಟ್ಟು ಹಂಗ ಬಿಟ್ಟು ಬರ್ತಿದ್ಲು ಬೈಯಾಕ.” ಅದು ಹೊಗಳಿಕೆಯೆಂದು ಆಕೆಗೆ ಗೊತ್ತು. ಹೊಗಳಿಕೆಯೆಂದೇ ಐವತ್ತು ವರ್ಷದಿಂದ ನಕ್ಕಿದ್ದಾಳೆ. ಆತ ಬಿಸಿಲು ಬೀಳದ ಕಡೆ ಕೂತಿದ್ದ ಇಬ್ಬರನ್ನು ತಾನೇ ಎಬ್ಬಿಸಿ ಆಕೆಗೂ ಸುನಿತಾಳಿಗೂ ಅಲ್ಲಿ ಜಾಗ ಮಾಡಿಕೊಟ್ಟ. ಬೈಸಿಕೊಂಡವಳಿಗೆ ನೆರಳು ಕೊಟ್ಟು ಲೆಕ್ಕ ಸರಿಮಾಡಿದಂತೆ ಆತನ ಮುಖವಿತ್ತು. ಗೊಲ್ಲಾಳಮ್ಮ ನೆರಳಿನಲ್ಲಿ ಕೂತು ಬಾಯಿ ಮುಚ್ಚಿಯೇ ಷಡ್ಜ ಹಿಡಿದಳು, ಎಂಜಿನ್ನಿನ ಗುಂಯ್‌ಗುಟ್ಟುವಿಕೆಯ ಒಂದು ಎಳೆಗೆ ಹೊಂದಿಸಿ.

ಬಾಯಿ ಮುಚ್ಚಿ ಹಾಡುವುದು ಆಕೆಗೆ ಮೇಕಪ್ಪಿನಿಂದ ಬಂದ ಅಭ್ಯಾಸ. ತುಟಿಗೆ ಬಣ್ಣ ಹಚ್ಚಿದ ಮೇಲೆ ಶಾಟ್ ಆಗುವತನಕ ಬಾಯಿ ತೆರೆಯುವಂತಿಲ್ಲ. ಆ ಎರಡು ಮೂರು ಗಂಟೆಗಳಲ್ಲಿ ಆಕೆ ಮೂಲೆಯ ಕುರ್ಚಿಯಲ್ಲಿ ಕಣ್ಣುಮುಚ್ಚಿ ಮೂಗಿನೊಳಗೇ ತೋಡಿಯ ಸ್ವರಗಳನ್ನು ಸಾಲಾಗಿ ಇಡುತ್ತಿದ್ದಳು, ಅಕ್ಕಿ ಆರಿಸಿ ಮೊರದ ಅಂಚಿಗೆ ಸರಿಸಿದಂತೆ. ತಲೆನೋವೇ ಎಂದು ನಾಯಕಿಯರು ಕೇಳುತ್ತಿದ್ದರು. ಹೌದು ಎನ್ನುವುದು ಸುಲಭವಾಗಿತ್ತು. ಒಬ್ಬನಿಗೆ ಮಾತ್ರ ತಿಳಿದಿತ್ತು. ದೀಪ ಹೊರುವ ತಮಿಳು ಮುದುಕ, ಹೆಸರು ಕೇಳಲಿಲ್ಲ, ಕೇಳಬೇಕಿತ್ತು. ಆತ ಆಕೆ ಕಣ್ಣು ಮುಚ್ಚಿದ್ದು ಕಂಡರೆ ಗಡಗಡ ಅನ್ನುವ ಮೇಜಿನ ಫ್ಯಾನನ್ನು ಆರಿಸಿ, ತನ್ನ ಬೆವರನ್ನು ತಾನು ಒರೆಸಿಕೊಳ್ಳುತ್ತಾ ನಿಲ್ಲುತ್ತಿದ್ದ. ಆಕೆಯ ಪಾತ್ರಗಳಿಗೆ ಹಾಡು ಇರುತ್ತಿರಲಿಲ್ಲ. ಹಾಡುವುದು ಒಳ್ಳೆಯವರ ಕೆಲಸ. ಹಾಡು ಕೇಳಿ ಮುಖ ಸಿಂಡರಿಸುವುದು ಆಕೆಯ ಕೆಲಸ. ಒಮ್ಮೆ ಹುಬ್ಬಳ್ಳಿಯಲ್ಲಿ ದೊಡ್ಡ ಗಾಯಕರೊಬ್ಬರ ಬೈಠಕ್ಕಿಗೆ ತಲೆತುಂಬ ಸೆರಗು ಹೊದ್ದು ಹೋಗಿದ್ದಳು. ಆಲಾಪದ ನಡುವೆ ಕಣ್ಣೀರು ಒರೆಸಿಕೊಳ್ಳಲು ಸೆರಗು ಸರಿಸಿದ್ದೇ ತಪ್ಪಾಯಿತು. ಪಕ್ಕದ ಹೆಂಗಸು ಗುರುತು ಹಿಡಿದು, ಮಗಳ ಕೈ ಹಿಡಿದೆಬ್ಬಿಸಿ, ಎರಡು ಸಾಲು ಹಿಂದೆ ಹೋಗಿ ಕೂತಳು. ಆ ಹೆಂಗಸಿನ ಬೆನ್ನು ಇವತ್ತಿಗೂ ಕಾಣುತ್ತದೆ, ಹಸಿರು ರವಿಕೆ. ಅಂದು ಮಧ್ಯಮ ಎಲ್ಲಿ ಹತ್ತಿತು, ಎಲ್ಲಿ ಇಳಿಯಿತು, ಒಂದೂ ನೆನಪಿಲ್ಲ.

ಇವತ್ತು ಉಸ್ತಾದರ ಬರಸಿ, ಅವರು ತೀರಿಕೊಂಡ ದಿನದ ಸ್ಮರಣೆ. ಪ್ರತಿ ವರ್ಷ ಸುರಪುರದಲ್ಲಿ ಅವರ ಶಿಷ್ಯರು, ಶಿಷ್ಯರ ಶಿಷ್ಯರು ಸೇರಿ ಹಾಡುತ್ತಾರೆ. ಈ ಸಲ ಒಂದು ಸಮಿತಿ ಆಗಿದೆ, ವಿಶ್ವರಾಧ್ಯ ಅದರ ಕಾರ್ಯದರ್ಶಿ. ಆತ ಕರೆದಾಗ ಗೊಲ್ಲಾಳಮ್ಮ ಒಂದೇ ಕರಾರು ಹಾಕಿದ್ದಳು. ಸನ್ಮಾನ ಬೇಡ, ಶಾಲು ಬೇಡ, ಮುಂಜಾನೆ ಅರ್ಧ ತಾಸು ಹಾಡಲು ಬಿಡಿ. ಹತ್ತು ತಿಂಗಳು ಸುನಿತಾಳ ಹಿತ್ತಿಲಲ್ಲಿ, ಕುಕ್ಕರಿನ ಸೀಟಿಗೂ ನೀರಿನ ಮೋಟರಿಗೂ ಜಗಳವಾಡುತ್ತಾ, ಆ ಅರ್ಧ ತಾಸನ್ನು ಕಟ್ಟಿದ್ದಾಳೆ. ಮೇಲಿನ ಷಡ್ಜ ಈಗ ಮುಟ್ಟುವುದಿಲ್ಲ. ಆದರೆ ತೋಡಿಗೆ ಮೇಲೆ ಹೋಗುವ ಅವಸರವಿಲ್ಲ. ಅದರ ಜೀವವೆಲ್ಲ ಕೆಳಗಿನ ಆ ಗಾಂಧಾರದಲ್ಲಿದೆ, ಎಲ್ಲರ ಗಾಂಧಾರಕ್ಕಿಂತ ಒಂದು ಕೂದಲೆಳೆ ಕೆಳಗೆ. “ಅದರ ಮ್ಯಾಲ ಕೂಡಬ್ಯಾಡ ಬೇಟಿ, ಬಾಗಲದಾಗ ನಿಂದ್ರು,” ಎನ್ನುತ್ತಿದ್ದರು ಉಸ್ತಾದರು. ಆಕೆಗೆ ಪಾಠವಾದದ್ದು ಅರ್ಧ ತೋಡಿ ಮಾತ್ರ. ಅರ್ಧವೇ ಆದರೂ ಅವರದು. ಅದನ್ನು ಒಂದು ಸಲ, ಅವರ ದಿನ, ಅವರ ಮಗಳು ಖಾಸಿಂಬೀಯ ಎದುರಿಗೆ, ಬಸವೇಶ್ವರಿಯಾಗಿ ಅಲ್ಲ, ಕೋಳಿ ಓಡಿಸುತ್ತಿದ್ದ ಗೊಲ್ಲಾಳಮ್ಮನಾಗಿ ಹಾಡಿಬಿಡಬೇಕು. ಮುಂದಿನ ವರ್ಷಕ್ಕೆ ದನಿ ಇರುತ್ತದೆಂದು ಹೇಳಲಾಗದು. ಈ ವರ್ಷವೇ ಎರಡು ಸ್ವರ ಕೈಬಿಟ್ಟಿವೆ.

ಸಭಾಭವನದ ಬಾಗಿಲಿಗೆ ಫ್ಲೆಕ್ಸು ಕಟ್ಟಿದ್ದರು. ಅದರಲ್ಲಿ ಉಸ್ತಾದರ ಚಿತ್ರ ಅಂಗೈಯಷ್ಟು, ಆಕೆಯದು ಆಳೆತ್ತರ, ಕಣ್ಣು ಕೆಂಪಗೆ ಮಾಡಿದ ಸಿನಿಮಾ ಚಿತ್ರ. ನೋಡಿ ನಾಚಿಕೆಯಾಗಿ ತಲೆ ತಗ್ಗಿಸಿ ಒಳಗೆ ಹೋದಳು. ಒಂಬತ್ತೂ ಮುಕ್ಕಾಲು. ವೇದಿಕೆಯಲ್ಲಿ ಉಸ್ತಾದರ ಮೊಮ್ಮಗ ಏಜಾಜ ತಂಬೂರಿಯ ಶ್ರುತಿ ಸೇರಿಸಿ ಗೋಡೆಗೆ ಆನಿಸಿ, ತಬಲಾದ ಮುಂದೆ ಕೂತಿದ್ದ. ನಲವತ್ತು ದಾಟಿದ ಗಂಡಸು, ಅಜ್ಜನದೇ ಹಣೆ. “ಶ್ರುತಿ ಕೆಳಗಿಳಿಸೀನ್ರಿ ಅಮ್ಮ, ನೋಡ್ಕೊರ್ರಿ,” ಎಂದ, ಆಕೆಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ವಯಸ್ಸಾದ ದನಿಗೆಂದು ಇಳಿಸಿದ್ದೇನೆ ಎಂದು ಆತ ಹೇಳಲಿಲ್ಲ. ಆಕೆ ತಂತಿ ಮೀಟಿ ನೋಡಿದಳು. ಸರಿಯಾಗಿತ್ತು, ಹಿತ್ತಿಲಲ್ಲಿ ಆಕೆ ಹಿಡಿಯುತ್ತಿದ್ದ ಅದೇ ಮಟ್ಟ.

ಹತ್ತಾಯಿತು. ವಿಶ್ವರಾಧ್ಯ ಎರಡು ಮೊಬೈಲು ಹಿಡಿದು ಬಾಗಿಲಿಗೂ ವೇದಿಕೆಗೂ ಓಡಾಡುತ್ತಿದ್ದ.

“ಸುರು ಮಾಡೋಣೇನ್ರಿ?”

“ಒಂದೈದು ನಿಮಿಷ ಅಮ್ಮಾರ. ಮುಖ್ಯ ಅತಿಥಿ ಸಾಹೇಬ್ರು ಯಾದಗಿರಿ ಬಿಟ್ಟಾರಂತ.”

“ಅವರು ಬರಲಿ. ನಾ ಹಾಡಾಕತ್ತಿರ್ತೀನಿ.”

“ಹಂಗ ಹೆಂಗಾಗ್ತದ್ರಿ? ದೀಪ ಹಚ್ಚೂದು ಆಗಿಲ್ಲ. ದೀಪ ಹಚ್ಚದ ಹಾಡು ಇಟ್ರ ಸಾಹೇಬ್ರು ಏನಂದ್ಕೋತಾರ? ನೀವು ದೊಡ್ಡಾವ್ರು, ನಿಮಗ ಹೇಳೂದೇನೈತ್ರಿ.”

ಹತ್ತೂವರೆಗೆ ಸಾಹೇಬರು ಯಾದಗಿರಿ ಬಿಟ್ಟಿರಲಿಲ್ಲ, ಬಿಡಾಕತ್ತಿದ್ದರು. ಹನ್ನೊಂದಕ್ಕೆ ಶಹಾಪುರದಲ್ಲಿ ಯಾರದೋ ಮನೆಯಲ್ಲಿ ಚಹಾಕ್ಕೆ ನಿಂತಿದ್ದರು. ಗಡಿಯಾರ ವೇದಿಕೆಯ ಎದುರಿನ ಗೋಡೆಗಿತ್ತು, ಹಾಡುವವರು ನೋಡಲೇಬೇಕಾದ ಜಾಗದಲ್ಲಿ. ಗೊಲ್ಲಾಳಮ್ಮ ಮೊದಲ ಸಾಲಿನ ಮೆತ್ತನೆಯ ಕುರ್ಚಿಯಲ್ಲಿ ಕೂತು, ಮನಸ್ಸಿನಲ್ಲೇ ಹಾಡಿನಿಂದ ಒಂದೊಂದೇ ತುಣುಕು ಕತ್ತರಿಸತೊಡಗಿದಳು. ಅರ್ಧ ತಾಸು ಬೇಡ, ಇಪ್ಪತ್ತು ನಿಮಿಷ ಸಾಕು. ಹನ್ನೊಂದೂವರೆಗೆ ಕರೆದರೂ ಸಾಕು. ವಿಸ್ತಾರ ಬಿಟ್ಟು ಬರೀ ಗಾಂಧಾರದತನಕ ಹೋಗಿ ಬಂದರೂ ಸಾಕು. ಯಾರೋ ಕೊಟ್ಟ ನೀರಿನ ಲೋಟವನ್ನು ಬದಿಗಿಟ್ಟಳು. ನೀರು ಕುಡಿದರೆ ದನಿ ತಣ್ಣಗಾಗುತ್ತದೆ. ಹಸಿವೆಯಿಂದ ಕಿವಿಯಲ್ಲಿ ಸಣ್ಣ ಸದ್ದು ಎದ್ದಿತ್ತು. ಹಿಂದೆ, ಹೆಂಗಸರ ಸಾಲಿನಲ್ಲಿ, ಗೋಡೆಗೆ ಹತ್ತಿ ಖಾಸಿಂಬೀ ಕೂತಿದ್ದಳು. ಎಂಬತ್ತರ ಮುದುಕಿ, ಬಿಳಿ ಓಢಣಿ. ಒಂದೇ ಒಂದು ಸಲ ಕೈ ಎತ್ತಿದಳು, ಬಂದಿದ್ದೇನೆ ಎನ್ನುವಷ್ಟು. ಎದ್ದು ಹೋಗಿ ಮಾತಾಡಿಸಬೇಕಿತ್ತು. ಹಾಡಿದ ಮೇಲೆ ಹೋಗೋಣ, ಹಾಡದೆ ಆ ಮುಖ ನೋಡುವುದು ಹೇಗೆ ಎಂದು ಗೊಲ್ಲಾಳಮ್ಮ ಕೂತಲ್ಲೇ ಕೂತಳು.

ಯಾಕೆಂದರೆ ಆ ತಂಬೂರಿಯ ವಿಷಯವಿತ್ತು. ಎಪ್ಪತ್ತನಾಲ್ಕನೇ ಇಸವಿಯ ಸಿನಿಮಾ. ಸೊಸೆ ಹಾಡುತ್ತಿರುತ್ತಾಳೆ, ಅತ್ತೆ ಬಂದು ತಂಬೂರಿ ಕಸಿದು ಕಂಬಕ್ಕೆ ಬಡಿಯಬೇಕು. ರಟ್ಟಿನದೊಂದು ಮಾಡಿ ತಂದಿದ್ದರು. ಬಡಿದರೆ ಒಡೆಯದೆ ಪುಟಿದು ಬಂದು ಎಲ್ಲರೂ ನಕ್ಕರು. ನಿರ್ದೇಶಕರಿಗೆ ರೇಗಿತು, ಖರೇದು ತನ್ನಿ ಎಂದರು. ಮಧ್ಯಾಹ್ನ ಬಾಡಿಗೆಗೆ ಬಂದದ್ದನ್ನು ಯಾರೋ ನೆಲಕ್ಕಿಟ್ಟಾಗ ತಂತಿಗಳು ತಾವೇ ಒಮ್ಮೆ ಮಿಡಿದವು. ಆ ಒಂದು ಮಿಡಿತದಲ್ಲೇ ಆಕೆಗೆ ತಿಳಿಯಿತು, ಇದು ತಂಬೂರಿಗೆ ಹೆಸರಾದ ಮಿರಜಿನದು, ದನಿ ಕಟ್ಟಿದ್ದು, ಯಾರೋ ವರ್ಷಗಟ್ಟಲೆ ಎದುರಿಗಿಟ್ಟುಕೊಂಡು ಹಾಡಿದ್ದು. ಇದು ಬೇಡ ಎನ್ನಬಹುದಿತ್ತು. ಬಾಯಿಗೆ ಬಣ್ಣ ಹಚ್ಚಿತ್ತು. ಒಂದೇ ಟೇಕಿನಲ್ಲಿ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಕೆಯ ಹೆಸರು ನಿಂತದ್ದೇ ಆ ದೃಶ್ಯದಿಂದ. ಆರು ತಿಂಗಳ ಮೇಲೆ ಸುರಪುರಕ್ಕೆ ಬಂದಾಗ ಉಸ್ತಾದರು ಪಾಠದ ನಡುವೆ, ವೀಳ್ಯದ ಡಬ್ಬಿ ಮುಚ್ಚುತ್ತಾ, “ಆ ತಂಬೂರಿ ಖರೇದೇನು?” ಎಂದರು. “ಇಲ್ಲ ಬಾಬಾ, ರಟ್ಟಿಂದು,” ಎಂದಳು. “ಹೌದೇನು,” ಎಂದರು. ತೋಡಿಯನ್ನು ಗಾಂಧಾರದತನಕ ಹೇಳಿಕೊಟ್ಟು, ಇವತ್ತಿಗೆ ಸಾಕು ಎಂದು ತಂಬೂರಿಗೆ ಗವಸು ಹಾಕಿದರು. ಮರುದಿನ ಆಕೆಗೆ ರೈಲಿತ್ತು. ಆ ಚಳಿಗಾಲ ಅವರು ಹೋದರು. ಸಾಕು ಎಂದದ್ದು ಹೊತ್ತಾಯಿತೆಂದೋ, ಸುಳ್ಳು ತಿಳಿಯಿತೆಂದೋ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಆಕೆ ಆ ಅರ್ಧ ತೋಡಿಯನ್ನು ನಲವತ್ತೆಂಟು ವರ್ಷ ಹಾಡಿಕೊಂಡಿದ್ದಳು.

ಹನ್ನೆರಡಾಯಿತು. ಏಜಾಜ ಒಮ್ಮೆ ಗಡಿಯಾರ ನೋಡಿ, ಒಮ್ಮೆ ಆಕೆಯನ್ನು ನೋಡಿ, ಕಣ್ಣು ತಗ್ಗಿಸಿದ. ಹನ್ನೆರಡೂ ಮುಕ್ಕಾಲಿಗೆ ಹೊರಗೆ ಪಟಾಕಿ ಸಿಡಿಯಿತು, ಸಾಹೇಬರು ಬಂದರು. ದೀಪ, ಸ್ವಾಗತ, ಹಾರ. ಸಾಹೇಬರು ತಮ್ಮ ಭಾಷಣದಲ್ಲಿ ಉಸ್ತಾದರ ಹೆಸರನ್ನು ಎರಡು ಬಗೆಯಲ್ಲಿ ತಪ್ಪು ಹೇಳಿ, ತಾವು ಚಿಕ್ಕವರಿದ್ದಾಗ ಬಸವೇಶ್ವರಿಯಮ್ಮನ ಸಿನಿಮಾ ನೋಡಿ ಅಂಜಿ ತಾಯಿಯ ಮಗ್ಗುಲಲ್ಲಿ ಮಲಗಿದ್ದನ್ನು ಬಹಳ ಚೆನ್ನಾಗಿ ಹೇಳಿದರು. ಎಲ್ಲರೂ ನಕ್ಕರು. ಬೇಡವೆಂದಿದ್ದ ಶಾಲು ಹೊದಿಸಿದರು. ಎರಡಕ್ಕೆ ಹತ್ತು ನಿಮಿಷವಿದ್ದಾಗ ವಿಶ್ವರಾಧ್ಯ ಮೈಕು ಹಿಡಿದ.

“ಈಗ ನಮ್ಮ ಅಮ್ಮಾರು ತಮ್ಮ ಪ್ರತಿಭಾ ತೋರಿಸ್ತಾರ. ಅದಕ್ಕಂತ ನಾವೊಂದು ಸರ್ಪ್ರೈಸ್ ಇಟ್ಟೀವಿ.”

ಪರದೆಯ ಹಿಂದಿನಿಂದ ಇಬ್ಬರು ಒಂದು ತಂಬೂರಿ ಹೊತ್ತು ತಂದರು. ಥರ್ಮೋಕೋಲಿನದು. ಬಂಗಾರದ ಬಣ್ಣ ಹೊಡೆದು, ನಾಲ್ಕು ದಾರ ಕಟ್ಟಿದ್ದರು. ಬುರುಡೆಯ ಮೇಲೆ ಬಳ್ಳಿ ಕೂಡ ಬರೆದಿದ್ದರು. ಯಾರೋ ಶ್ರದ್ಧೆಯಿಂದ ಕೂತು ಬರೆದದ್ದು, ಎಲೆಗಳ ನರ ಕಾಣುತ್ತಿತ್ತು. ಸಭೆಗೆ ಒಮ್ಮೆಲೇ ಅರ್ಥವಾಗಿ ಸಿಳ್ಳೆ ಎದ್ದಿತು.

“ನಾ ಹಾಡಾಕ ಬಂದೀನಿ ವಿಶ್ವರಾಧ್ಯ,” ಎಂದಳು ಆಕೆ, ಮೈಕಿನಿಂದ ಮುಖ ಸರಿಸಿ. “ಇದು ಉಸ್ತಾದರ ಬರಸಿ. ಅವರ ಬರಸ್ಯಾಗ ತಂಬೂರಿ ಒಡಿ ಅಂತೀಯೇನು?”

“ಥರ್ಮೋಕೋಲ್ ಐತ್ರಿ ಅಮ್ಮಾರ,” ಎಂದ ಆತ, ಸಮಾಧಾನಪಡಿಸುವಂತೆ, ನಿಜವಾದ ಪ್ರೀತಿಯಿಂದ. “ಕೈಗೆ ಪೆಟ್ಟು ಆಗಂಗಿಲ್ಲ. ಎರಡು ನಿಮಿಷ. ಸಾಹೇಬ್ರು ಇದನ್ನ ನೋಡಾಕಂತನ ಕುಂತಾರ. ಆಮ್ಯಾಲ ಹಾಡ್ರಿ, ಎಷ್ಟರ ಹಾಡ್ರಿ.”

ಹಾಡುವುದಾದರೆ ಏನನ್ನು? ಎರಡು ಗಂಟೆಗೆ ಹಾಡುವ ರಾಗ ಆಕೆಯಲ್ಲಿ ಇರಲಿಲ್ಲ. ಇದ್ದದ್ದು ಒಂದು, ಅದು ಅರ್ಧ, ಅದರ ಹೊತ್ತು ಗೋಡೆಯ ಮೇಲೆ ಎಲ್ಲರೆದುರಿಗೇ ಸತ್ತಿತ್ತು. ಒಲ್ಲೆ ಎಂದು ಕೂತುಬಿಡಬೇಕು ಎಂದುಕೊಂಡಳು. ಅಂದುಕೊಳ್ಳುತ್ತಿರುವಾಗಲೇ ಬೆನ್ನು ನೆಟ್ಟಗಾಯಿತು, ಎಡಹುಬ್ಬು ಮೇಲೇರಿತು, ಸೆರಗು ತಾನಾಗಿ ಸೊಂಟಕ್ಕೆ ಸಿಕ್ಕಿಕೊಂಡಿತು. ಸಿಳ್ಳೆ ಕೇಳಿದ ಮೈ ಆಕೆಯನ್ನು ಕೇಳದೆ ಎದ್ದು ನಿಂತಿತ್ತು. “ಈ ಮನೆಯಲ್ಲಿ ಇರಬೇಕಾದ ದನಿ ಒಂದೇ,” ಎಂದಳು ಬಸವೇಶ್ವರಿ, ಮೈಕಿಲ್ಲದೆ, ಹಿಂದಿನ ಗೋಡೆಗೆ ಬಡಿಯುವಂತೆ, “ಅದು ನನ್ನದು.” ಥರ್ಮೋಕೋಲು ವೇದಿಕೆಯ ಕಂಬಕ್ಕೆ ಬಡಿದು ಕೀಚ್ ಎಂದು ಬಾಗಿತು. ಒಡೆಯಲಿಲ್ಲ. ಮತ್ತೊಮ್ಮೆ ಬಡಿದಳು. ಮೂರನೆಯ ಸಲ ಮೊಣಕಾಲು ಕೊಟ್ಟು ಮುರಿದಳು, ಸಿಟ್ಟಿನಲ್ಲಿ, ಈ ಸಲ ನಿಜವಾದ ಸಿಟ್ಟಿನಲ್ಲಿ. ಬಿಳಿ ಕಾಳುಗಳು ಎಗರಿ ಸೀರೆಗೆ, ಕೂದಲಿಗೆ, ಒದ್ದೆಯಾದ ಕುತ್ತಿಗೆಗೆ ಅಂಟಿಕೊಂಡವು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಅದು ಚೆನ್ನಾಗಿ ಬಂದಿತ್ತು.

“ಎಲ್ಲರಿಗೂ ಹಿಂದ ಊಟದ ವ್ಯವಸ್ಥಾ ಐತಿ,” ಎಂದು ಮೈಕು ಹೇಳಿತು. ಹತ್ತು ನಿಮಿಷದಲ್ಲಿ ಭವನ ಖಾಲಿ. ವಿಶ್ವರಾಧ್ಯ ಸಾಹೇಬರನ್ನು ಕಾರಿಗೆ ಹತ್ತಿಸಲು ಓಡುತ್ತಾ, “ಹಾಡು ಬರೋ ವರ್ಷ ಇಟ್ಕೊಳ್ಳೋಣ್ರಿ ಅಮ್ಮಾರ, ಮುಂಜಾನಿ ಎಂಟಕ್ಕ,” ಎಂದು ಕೂಗಿ ಹೋದ. ಸುನಿತಾ ಹತ್ತಿರ ಬಂದು ಕುತ್ತಿಗೆಯ ಬಿಳಿ ಕಾಳುಗಳನ್ನು ಒಂದೊಂದಾಗಿ ತೆಗೆಯತೊಡಗಿದಳು. “ನೀ ಉಣ್ಣಾಕ ಹೋಗವ್ವ,” ಎಂದು ಗೊಲ್ಲಾಳಮ್ಮ ಆಕೆಯನ್ನು ಕಳಿಸಿದಳು.

ಏಜಾಜ ಇನ್ನೂ ತಬಲಾದ ಮುಂದೆ ಕೂತಿದ್ದ. ಆಕೆ ಚಾಪೆಯ ಮೇಲೆ ಕೂತು ಗೋಡೆಗೆ ಆನಿಸಿದ್ದ ತಂಬೂರಿಯನ್ನು ತೊಡೆಗೆ ಎಳೆದುಕೊಂಡಳು. ನಾಲ್ಕು ತಂತಿಯೂ ಕದಲದೆ ಶ್ರುತಿಯಲ್ಲೇ ಇದ್ದವು. ಅಷ್ಟು ಹೊತ್ತು ಆತ ನಡುನಡುವೆ ಕಿವಿ ಕೊಟ್ಟು ಕಾದಿದ್ದಿರಬೇಕು. ಖಾಲಿ ಕುರ್ಚಿಗಳು, ಇಬ್ಬರು ಮೂವರು ಹೆಂಗಸರು. ಈಗ ಯಾರು ತಡೆಯುತ್ತಾರೆ? ಷಡ್ಜ ಗಂಟಲಿಗೆ ಬಂದು ನಿಂತಿತ್ತು.

“ಹೊತ್ತು ಮೀರಿತೇನಪಾ,” ಎಂದಳು. ಇಲ್ಲ ಎನ್ನಲಿ, ನಿಮಗ ಯಾವ ಹೊತ್ತು ಅಮ್ಮ, ಹಾಡ್ರಿ ಎನ್ನಲಿ ಎಂದು ಆತನ ಬಾಯಿ ನೋಡಿದಳು.

ಏಜಾಜ ಗಡಿಯಾರ ನೋಡಲಿಲ್ಲ. “ಮೀರಿತ್ರಿ,” ಎಂದ. ದನಿಯಲ್ಲಿ ಬಿರುಸಿರಲಿಲ್ಲ, ಸಲಿಗೆಯೂ ಇರಲಿಲ್ಲ. ಮನೆಯವರೊಬ್ಬರು ಇನ್ನೊಬ್ಬ ಮನೆಯವರಿಗೆ ಹೇಳುವ ಮಾತು. ಆಕೆ ತಂಬೂರಿಯಿಂದ ಕೈ ತೆಗೆದ ಮೇಲೆಯೇ ಆತ ತಬಲಾಕ್ಕೆ ಬಟ್ಟೆ ಮುಚ್ಚಿದ. ಯಾವ ಹೊತ್ತಿಗಾದರೂ ಹಾಡು ಎಂದ ವಿಶ್ವರಾಧ್ಯನಿಗೆ ಆಕೆಯ ಹಾಡು ಬೇಕಿರಲಿಲ್ಲ. ಬೇಕಿದ್ದವನು ಈ ಹೊತ್ತಿಗೆ ಹಾಡಗೊಡಲಿಲ್ಲ. ಇಬ್ಬರ ಮೇಲೂ ಸಿಟ್ಟು ಬಂದು, ಏಜಾಜನ ಮೇಲಿನ ಸಿಟ್ಟು ಮಾತ್ರ ಉಳಿಯಲಿಲ್ಲ.

ಖಾಸಿಂಬೀ ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು. ಇಬ್ಬರೂ ಮುರಿದ ಥರ್ಮೋಕೋಲನ್ನು ನೋಡಿದರು.

“ಆಪಾ, ನಾ ಅದನ್ನ ಮಾಡಬಾರದಾಗಿತ್ತು.”

“ಮಾಡಿದಿ.”

“ಬಾಬಾಗ ಗೊತ್ತಿತ್ತೇನು? ಸಿನಿಮಾದಾಗಿಂದು ಖರೇ ತಂಬೂರಿ ಅಂತ?”

ಖಾಸಿಂಬೀ ಓಢಣಿ ಸರಿಮಾಡಿಕೊಂಡಳು. “ಶಹಾಪುರ ಟಾಕೀಜಿಗೆ ಎರಡು ಸಲ ಹೋಗಿದ್ರು. ಮೊದಲನೇ ಸಲ ನಿನ್ನ ನೋಡಾಕ. ಎರಡನೇ ಸಲ ಕಣ್ಣು ಮುಚ್ಚಿಕೊಂಡು ಕುಂತು, ಅದು ಒಡಿಯೂ ಸಪ್ಪಳ ಕೇಳಿ ಬಂದ್ರು. ಮಿರಜಿಂದು ಅಂದ್ರು.”

“ಗೊತ್ತಿದ್ದ ಕೇಳಿದ್ರೇನು ನನಗ?”

“ಗೊತ್ತಿದ್ದ ಕೇಳಿದ್ರು.”

“ಅದಕ್ಕ ಪಾಠ ನಿಲ್ಲಿಸಿದ್ರೇನು ಆಪಾ? ಅದಕ್ಕ ಸಾಕು ಅಂದ್ರೇನು?”

“ಅದನ್ನ ಅವರನ್ನ ಕೇಳಬೇಕಾಗಿತ್ತು ನೀನು,” ಎಂದಳು ಖಾಸಿಂಬೀ. “ನಾ ಒಲಿ ಮುಂದ ಇದ್ದೆ. ನನಗೇನು ಗೊತ್ತು?”

ಹೊರಗೆ ತಾಟುಗಳ ಸದ್ದು, ಬಡಿಸುವವರ ಕೂಗು. ಗೊಲ್ಲಾಳಮ್ಮನಿಗೆ ಅಳು ಬರಬೇಕಿತ್ತು, ಬರಲಿಲ್ಲ. ಸಿನಿಮಾದಲ್ಲಿ ಅಳುವುದೂ ಒಳ್ಳೆಯವರ ಕೆಲಸವಾಗಿತ್ತು. ಆಕೆ ಸೀರೆಯ ಮೇಲಿನ ಒಂದು ಬಿಳಿ ಕಾಳನ್ನು ಉಗುರಿನಿಂದ ಒತ್ತುತ್ತಾ ಕೂತಳು. ಒತ್ತಿದಷ್ಟೂ ಅದು ಜಾರಿ ಇನ್ನೊಂದು ಕಡೆ ಅಂಟಿಕೊಳ್ಳುತ್ತಿತ್ತು.

“ಆಪಾ, ನೀ ಉಂಡೆಯೇನು?”

“ನೀ ಹಾಡ್ತಿ ಅಂತ ಕುಂತಿದ್ದೆ. ಹಾಡಿನ ನಡುವ ಎದ್ದು ಹೋಗೂದು ಬ್ಯಾಡ ಅಂತ ಉಂಡಿಲ್ಲ.”

ಬೆಳಿಗ್ಗೆಯಿಂದ ಎರಡು ಹೊಟ್ಟೆಗಳು ಒಂದೇ ಹಾಡಿಗೆಂದು ಖಾಲಿಯಿದ್ದವು. ಉಂಡರೆ ಇವತ್ತಿನ ಹಾಡು ಮುಗಿದಂತೆ. ಇನ್ನೂ ಉಣ್ಣದೆ ಕೂತರೆ ಏನಾದರೂ ಉಳಿದೀತು ಎಂಬ ಹಠ ಗೊಲ್ಲಾಳಮ್ಮನ ಮೊಣಕಾಲುಗಳಲ್ಲಿ ಗಟ್ಟಿಯಾಗಿತ್ತು. ಖಾಸಿಂಬೀ ಅದನ್ನು ಕಂಡಳೋ ಇಲ್ಲವೋ, ನೆಲಕ್ಕೆ ಕೈಯೂರಿ ಎದ್ದು, ಏಜಾಜ ಹಿಡಿಯಲು ಬಂದರೆ ಬೇಡವೆಂದು, ಒಂದೊಂದೇ ಹೆಜ್ಜೆ ಇಟ್ಟು ಹೋದಳು. ಬರುವಾಗ ಎರಡೂ ಕೈಯಲ್ಲಿ ಒಂದೇ ತಾಟು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಬದಿಗೆ ಮೊಸರು. ಹಲ್ಲಿಲ್ಲದ ಖಾಸಿಂಬೀಗೆಂದು ರೊಟ್ಟಿಯನ್ನು ಯಾರೋ ಸಣ್ಣಗೆ ಮುರಿದಿದ್ದರು. ಆಕೆ ಬಗ್ಗಿ, ತಾಟನ್ನು ಗೊಲ್ಲಾಳಮ್ಮನ ಎರಡೂ ಅಂಗೈಗಳ ಮೇಲೆ ಇಟ್ಟು, ಅದು ನಿಂತಿತೆಂದು ತಿಳಿಯುವತನಕ ತಾನೂ ಹಿಡಿದಿದ್ದು, ಆಮೇಲೆ ಕೈ ಬಿಟ್ಟಳು.